ನಾಳೆ ಬಾ

ನಮ್ಮ ಊರಿನ ಹಳೆಯ ಮನೆಯ ತಲೆಬಾಗಿಲ ಮೇಲೆ ಇದ್ದಲಿನಲ್ಲಿ ಬರೆದ ಮೂರು ಅಕ್ಷರಗಳು ಬಹಳ ಕಾಲ ಇದ್ದುವು: ‘ನಾಳೆ ಬಾ.’ ಬರೆಸಿದವಳು ನಮ್ಮಜ್ಜಿ. ರಾತ್ರಿ ಹೊತ್ತು ಬಾಗಿಲು ತಟ್ಟುವ ದೆವ್ವ ಅದನ್ನು ಓದಿಕೊಂಡು, ಆಗಲಿ ಎಂದು ಹೊರಟುಹೋಗಿ, ಮಾರನೆಯ ರಾತ್ರಿ ಬಂದು ಮತ್ತೆ ಅದನ್ನೇ ಓದಿಕೊಳ್ಳುವುದೆಂದು ನಂಬಿಕೆ. ನಮ್ಮದು ಮುಳಬಾಗಿಲು ತಾಲ್ಲೂಕು. ಅಲ್ಲಿ ಮನುಷ್ಯರಿಗೆ ಎರಡು ಭಾಷೆ ಬರುವಂತೆ ದೆವ್ವಗಳಿಗೂ ಬರಬೇಕಷ್ಟೆ. ಎದುರು ಮನೆಯವರು ಎಚ್ಚರಿಕೆಗೆಂದು ತೆಲುಗಿನಲ್ಲಿ ‘ರೇಪು ರಾ’ ಎಂದೂ ಬರೆಸಿದ್ದರು. ಓದು ಬಾರದ ದೆವ್ವ ಬಂದರೆ ಏನು ಗತಿ ಎಂದು ನಾನು ಕೇಳಿದ್ದಕ್ಕೆ ಅಜ್ಜಿ, “ಇಸ್ಕೂಲಿಗೆ ಹೋಗೋ ನಿನಗೇ ನೆಟ್ಟಗೆ ಓದು ಬಾರದು, ದೆವ್ವದ ಚಿಂತೆ ನಿನಗ್ಯಾಕೋ” ಎಂದಿದ್ದಳು.

ಆ ಮೂರು ಅಕ್ಷರಗಳ ಒಳಗೆ ಒಂದು ದೊಡ್ಡ ತರ್ಕವಿದೆಯೆಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಗೊತ್ತಾದ ಮೇಲೂ ಅದನ್ನು ಮನೆಯ ವಿಷಯಕ್ಕೆ ಹಚ್ಚಿ ನೋಡುವ ಬುದ್ಧಿ ಬರಲಿಲ್ಲ. ಅದರಿಂದ ಅಣ್ಣನಿಗೆ ನಷ್ಟವಾಯಿತು. ಆ ಕಥೆಯನ್ನು ಹೇಳಬೇಕಾದರೆ ಸ್ವಲ್ಪ ಕೆರೆಯ ವಿಷಯವನ್ನೂ ಸ್ವಲ್ಪ ತರ್ಕದ ವಿಷಯವನ್ನೂ ಹೇಳದೆ ತೀರದು, ವಾಚಕರು ಸಹಿಸಿಕೊಳ್ಳಬೇಕು.

ನಾನು ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಕಾಲೇಜಿನಲ್ಲಿ ಗಣಿತ ಹೇಳಿದವನು. ಅಣ್ಣ ಊರಿನಲ್ಲಿ ಉಳಿದವನು. ನಮ್ಮಿಬ್ಬರಲ್ಲಿ ಕೆರೆಯನ್ನು ಬಲ್ಲವನು ಅವನು, ಅದರ ವಿಷಯ ಮಾತಾಡುವವನು ನಾನು.

ಕೋಲಾರದ ಕಡೆಯವರಿಗೆ ಕೆರೆಯೆಂದರೆ ಏನೆಂಬುದನ್ನು ಕಾವೇರಿಯ ದಡದವರಿಗೆ ತಿಳಿಯ ಹೇಳುವುದು ಕಷ್ಟ. ವರ್ಷವಿಡೀ ಹರಿಯುವ ಹೊಳೆ ನಮಗೆ ಒಂದೂ ಇಲ್ಲ. ಮಾಲೂರಿನ ಕಡೆಯ ಮಳೆನೀರು ದಕ್ಷಿಣ ಪಿನಾಕಿನಿಗೆ ಸೇರಿದ್ದು. ಕೋಲಾರ ಮುಳಬಾಗಿಲುಗಳದು ಬಹುಮಟ್ಟಿಗೆ ಪಾಲಾರಿಗೆ. ಶ್ರೀನಿವಾಸಪುರದ ಬಡಗಣ ಭಾಗದ್ದು ಪಾಪಘ್ನಿಗೆ. ಹೆಸರಿಗೆ ಮೂರು ನದಿ. ಬೇಸಗೆಯಲ್ಲಿ ಮೂರೂ ಮರಳು. ಅದಕ್ಕೇ ಹಿಂದಿನವರು ಇಳಿಜಾರಿನ ಉದ್ದಕ್ಕೂ ಏರಿ ಹಾಕಿ, ಬಿದ್ದ ಮಳೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದರು. ಮೇಲಿನ ಕೆರೆ ತುಂಬಿದರೆ ಕೋಡಿ ಬೀಳುತ್ತದೆ. ಕೋಡಿಯ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಇಳಿಯುತ್ತದೆ. ಅದು ತುಂಬಿದರೆ ಅದರ ಕೆಳಗಿನದಕ್ಕೆ. ಜಿಲ್ಲೆಯಲ್ಲಿ ಇಂಥ ಕೆರೆಗಳು ಎರಡು ಸಾವಿರಕ್ಕೂ ಮೀರಿ ಇವೆ. ಅವು ಒಂದೇ ಸಂಸಾರವಲ್ಲ. ಮಾಲೂರಿನ ಕೆರೆಯೊಂದು ಎಷ್ಟೇ ಜೋರಾಗಿ ಕೋಡಿ ಬಿದ್ದರೂ ಪಾಪಘ್ನಿಯ ಕಡೆಯ ಕೆರೆಗೆ ಅದರ ಒಂದು ಹನಿ ಹೋಗುವಂತಿಲ್ಲ. ಆದ್ದರಿಂದ ನಮ್ಮ ಕಡೆ ಒಂದು ಕೆರೆಯ ವಿಷಯದಲ್ಲಿ ಮೊದಲು ಕೇಳುವ ಪ್ರಶ್ನೆ: ಆ ಕೆರೆಯ ನೀರು ಈ ಕೆರೆಗೆ ತಲುಪುತ್ತದೆಯೇ?

2018ರ ಜೂನಿನಲ್ಲಿ ಅಣ್ಣ ನನ್ನನ್ನು ಕೇಳಿದ್ದೂ ಇದನ್ನೇ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧಿಮಾಡಿ, ಪಂಪಿನಿಂದ ಮೇಲೆತ್ತಿ, ಕೋಲಾರದ ಕೆರೆಗಳಿಗೆ ತುಂಬಿಸುವ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಯೋಜನೆಯ ನೀರು ಆ ತಿಂಗಳು ಲಕ್ಷ್ಮೀಸಾಗರದ ಕೆರೆಗೆ ಬಿತ್ತು. ದಿನಕ್ಕೆ 44 ಕೋಟಿ ಲೀಟರು, 126 ಕೆರೆ, ಎಂದು ಲೆಕ್ಕ ಹಾಕಿದ್ದರು. ಪಿನಾಕಿನಿಯ ಪಾಲಿನ ನೀರು ದಿಣ್ಣೆ ಹತ್ತಿ ಪಾಲಾರಿನ ಪಾಲಿಗೆ ಬಂದದ್ದು ನಮ್ಮ ಕಡೆಯವರಿಗೆ ಸೋಜಿಗವೇ ಸರಿ. ಮರುತಿಂಗಳೇ ಕೆರೆಯಲ್ಲಿ ನೊರೆ ಎದ್ದದ್ದು, ವಿಷಯ ನ್ಯಾಯಾಲಯಕ್ಕೆ ಹೋದದ್ದು, ಮೂರನೆಯ ಹಂತದ ಶುದ್ಧಿಯೂ ಬೇಕೆಂದು ವಾದವಾದದ್ದು ಎಲ್ಲರಿಗೂ ತಿಳಿದಿದೆ. ಅದು ಬೇರೆಯೇ ಪ್ರಬಂಧಕ್ಕೆ ವಸ್ತು.

“ಏನಪ್ಪಾ ಮೇಷ್ಟ್ರೇ, ಆ ನೀರು ನಮ್ಮ ಕೆರೆಗೆ ಬರುತ್ತೋ ಇಲ್ಲವೋ, ಒಂದೇ ಮಾತಲ್ಲಿ ಹೇಳು. ಮಾವಿನ ಸಸಿ ಹಾಕಬೇಕು ಅಂತಿದ್ದೀನಿ” ಎಂದ ಅಣ್ಣ.

ನಮ್ಮ ಕೆರೆಯ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ. ನಮಗೆ ಯಾರೂ ಮಾತು ಕೊಟ್ಟಿರಲಿಲ್ಲ. ನಾನು ನಕ್ಷೆ ತರಿಸಿ, ಬೆರಳಿಟ್ಟುಕೊಂಡು ಕೋಡಿಯಿಂದ ಕೋಡಿಗೆ ಎಣಿಸಿದೆ. ಪಟ್ಟಿಯಲ್ಲಿದ್ದ ಒಂದು ಕೆರೆಯಿಂದ ನಮ್ಮ ಕೆರೆಯವರೆಗೆ ದಾರಿಯಿತ್ತು. ನಡುವೆ ಹದಿನೇಳೋ ಹದಿನೆಂಟೋ ಕೋಡಿ. ಫೋನಿನಲ್ಲಿ ಹೇಳಿದೆ: “ಬರುತ್ತೆ ಅಣ್ಣ. ಹಾಕು.”

ಇನ್ನು ತರ್ಕ.

ಹಿಂದೆ ನಮ್ಮ ನೈಯಾಯಿಕರು ಲಕ್ಷಣ ಹೇಳುವುದರಲ್ಲಿ ಬಹಳ ಕಟ್ಟುನಿಟ್ಟು. ಹಸುವೆಂದರೆ ಕಪಿಲ ಬಣ್ಣದ್ದು ಎಂದಿರೋ, ಬಿಳಿಯ ಹಸು ಹೊರಗೆ ಉಳಿಯಿತು, ಅದು ಅವ್ಯಾಪ್ತಿ. ಕೊಂಬಿರುವುದು ಎಂದಿರೋ, ಎಮ್ಮೆಯೂ ಒಳಗೆ ಬಂತು, ಅದು ಅತಿವ್ಯಾಪ್ತಿ. ಈ ಎರಡು ದೋಷಗಳಿಗೂ ಸಿಕ್ಕದ ಲಕ್ಷಣವೇ ಲಕ್ಷಣ. ಈಚಿನ ಗಣಿತ ತರ್ಕದವರು ಇದೇ ಪ್ರಶ್ನೆಯನ್ನು ಇನ್ನೊಂದು ಬಗೆಯಲ್ಲಿ ಕೇಳಿದರು: ಇಂಥಿಷ್ಟು ಮಾತುಗಳಿರುವ ಒಂದು ಭಾಷೆಯನ್ನು ಕೊಟ್ಟರೆ, ಅದರಲ್ಲಿ ಯಾವುದರ ಲಕ್ಷಣವನ್ನು ಹೇಳಬಹುದು, ಯಾವುದರದನ್ನು ಹೇಳಲಾಗದು?

ಅವರು ಮೊದಲು ಇಟ್ಟುಕೊಂಡ ಭಾಷೆ ತೀರ ಮಿತವಾದದ್ದು. ಮೊದಲ ದರ್ಜೆಯ ತರ್ಕವೆಂದು ಅದರ ಹೆಸರು. ಕೆರೆಗಳ ವಿಷಯಕ್ಕೆ ಅದನ್ನು ಬಳಸಿದರೆ ನಮಗೆ ಸಿಕ್ಕುವ ಮಾತುಗಳು ಇಷ್ಟು: ‘ಎಲ್ಲ ಕೆರೆಯೂ’, ‘ಯಾವುದೋ ಒಂದು ಕೆರೆ’, ‘ಮತ್ತು’, ‘ಅಥವಾ’, ‘ಅಲ್ಲ’, ‘ಅದೇ ಕೆರೆ’, ಇವುಗಳ ಜೊತೆಗೆ ‘ಇದರ ಕೋಡಿ ನೀರು ನೇರವಾಗಿ ಅದಕ್ಕೆ ಬೀಳುತ್ತದೆ’ ಎಂಬ ಒಂದೇ ಸಂಬಂಧ. ಕೆರೆಗಳ ಗುಂಪಿನ ಮಾತನ್ನು ಆಡುವಂತಿಲ್ಲ. ‘ಎಷ್ಟೋ ಸಲ’ ಎನ್ನುವಂತಿಲ್ಲ. ಆದರೂ ಒಂದು ಕೋಡಿ ದಾಟಿ ನೀರು ಬರುತ್ತದೆಯೆನ್ನಬಹುದು. ಎರಡು ದಾಟಿ ಬರುತ್ತದೆಯೆನ್ನಬಹುದು: ನಡುವೆ ಒಂದು ಕೆರೆಯಿದೆ, ಮೇಲಿನದು ಅದಕ್ಕೆ ಬೀಳುತ್ತದೆ, ಅದು ನಮ್ಮದಕ್ಕೆ ಬೀಳುತ್ತದೆ. ಹದಿನೆಂಟನ್ನೂ ಹೇಳಬಹುದು, ವಾಕ್ಯ ಸ್ವಲ್ಪ ಉದ್ದವಾದೀತು, ಅಷ್ಟೆ. ಹೇಳಲಾಗದ್ದು ಒಂದೇ ಮಾತು, ಅಣ್ಣ ಕೇಳಿದ ಮಾತು: ಎಷ್ಟು ಕೋಡಿಯಾದರೂ ಆಗಲಿ, ಕೊನೆಗೆ ತಲುಪುತ್ತದೆ.

ಏಕೆ ಹೇಳಲಾಗದು? ಇಲ್ಲಿಯೇ ಆ ಭಾಷೆಯ ದೊಡ್ಡ ಗುಣವೊಂದು ಅಡ್ಡ ಬರುತ್ತದೆ. ಇಂಗ್ಲಿಷಿನಲ್ಲಿ ಅದನ್ನು ಕಾಂಪ್ಯಾಕ್ಟ್‌ನೆಸ್ ಎನ್ನುತ್ತಾರೆ. ನಾನು ಪಾಠ ಹೇಳುವಾಗ ಅಡಕಗುಣ ಎನ್ನುತ್ತಿದ್ದೆ. ಕೊನೆಯಿಲ್ಲದಷ್ಟು ಹೇಳಿಕೆಗಳ ಒಂದು ಪಟ್ಟಿಯಿದೆಯೆನ್ನಿ. ಅದರಿಂದ ಯಾವ ಹತ್ತನ್ನು, ಯಾವ ನೂರನ್ನು, ಯಾವ ಲಕ್ಷವನ್ನು ಆರಿಸಿದರೂ ಅವೆಲ್ಲ ಒಟ್ಟಿಗೆ ನಿಜವಾಗಿರುವಂಥ ಒಂದು ಪ್ರಪಂಚವನ್ನು ಕಲ್ಪಿಸಬಹುದಾದರೆ, ಇಡೀ ಪಟ್ಟಿಯೇ ನಿಜವಾಗಿರುವ ಪ್ರಪಂಚವೂ ಒಂದು ಇದ್ದೇ ಇದೆ. ಕರ್ಟ್ ಗೇಡೆಲ್ 1930ರಲ್ಲಿ ಇದನ್ನು ತೋರಿಸಿದ. ರಷ್ಯದ ಮಾಲ್ಟ್ಸೆವ್ ಆಮೇಲೆ ಇನ್ನೂ ವಿಸ್ತರಿಸಿದ. ಒಳಗಿನ ಕಾರಣ ಸರಳವಾದದ್ದು. ಆ ಭಾಷೆಯಲ್ಲಿ ಯಾವ ವಿರೋಧವಿದ್ದರೂ ಅದನ್ನು ಸಾಧಿಸಿ ತೋರಿಸಬಹುದು. ಸಾಧನೆಯೆಂಬುದು ಎಲ್ಲಿಯೋ ಒಂದು ಕಡೆ ಮುಗಿಯಲೇಬೇಕಾದ ಬರವಣಿಗೆ. ಮುಗಿಯುವ ಬರವಣಿಗೆಯಲ್ಲಿ ಪಟ್ಟಿಯ ಕೆಲವೇ ಹೇಳಿಕೆಗಳು ಬಂದಿರುತ್ತವೆ. ಆದ್ದರಿಂದ ಪಟ್ಟಿಯಲ್ಲಿ ಜಗಳವಿದ್ದರೆ ಅದು ಕೆಲವೇ ಹೇಳಿಕೆಗಳ ನಡುವಣ ಜಗಳ, ಹುಡುಕಿದರೆ ಸಿಕ್ಕುತ್ತದೆ.

ಈಗ ‘ಆ ಕೆರೆಯ ನೀರು ನಮ್ಮ ಕೆರೆಗೆ ತಲುಪುತ್ತದೆ’ ಎಂಬುದನ್ನು ಆ ಭಾಷೆಯಲ್ಲಿ ಒಂದು ವಾಕ್ಯವಾಗಿ ಹೇಳಬಹುದೆಂದೇ ಇಟ್ಟುಕೊಳ್ಳೋಣ. ಅದರ ಕೆಳಗೆ ಬರೆಯುತ್ತ ಹೋಗಿ: ಒಂದು ಕೋಡಿಯಲ್ಲಿ ತಲುಪುವುದಿಲ್ಲ, ಎರಡರಲ್ಲಿ ತಲುಪುವುದಿಲ್ಲ, ಮೂರರಲ್ಲಿ ಇಲ್ಲ, ಹೀಗೆ ಕೊನೆಯಿಲ್ಲದೆ. ಪಟ್ಟಿಯ ಯಾವುದೇ ತುಣುಕನ್ನು ತೆಗೆದುಕೊಳ್ಳಿ. ಅದರಲ್ಲಿರುವ ದೊಡ್ಡ ಸಂಖ್ಯೆ 126 ಎನ್ನಿ. 127 ಕೋಡಿಗಳ ಸಾಲೊಂದನ್ನು ಕಲ್ಪಿಸಿಕೊಂಡರೆ ತುಣುಕಿನ ಪ್ರತಿಯೊಂದು ಮಾತೂ ನಿಜ. ಎಲ್ಲ ತುಣುಕೂ ನಿಲ್ಲುತ್ತದೆ. ಅಡಕಗುಣದ ಪ್ರಕಾರ ಇಡೀ ಪಟ್ಟಿಯೂ ನಿಲ್ಲಬೇಕು. ಎಂದರೆ, ನೀರು ತಲುಪುತ್ತದೆ, ಆದರೆ ಎಷ್ಟು ಕೋಡಿಯಲ್ಲಿಯೂ ತಲುಪುವುದಿಲ್ಲ, ಎಂಬ ಒಂದು ಪ್ರಪಂಚ ಇರಬೇಕಾಗುತ್ತದೆ! ಇದು ಹುಚ್ಚು. ಆದ್ದರಿಂದ ಅಂಥ ವಾಕ್ಯವೇ ಇಲ್ಲ. ಕೋಡಿಗೆ ಒಂದು ಮಿತಿಯಿಟ್ಟು ಲಕ್ಷಣ ಹೇಳಿದರೆ ಅವ್ಯಾಪ್ತಿ. ಮಿತಿ ತೆಗೆದು ಬೇರೆ ಯಾವ ಉಪಾಯದಿಂದ ಹೇಳಹೋದರೂ ತಲುಪದ ಕೆರೆಯೊಂದು ಎಮ್ಮೆಯಂತೆ ಒಳಗೆ ಬಂದೇ ಬರುತ್ತದೆ.

ಹಾಗಾದರೆ ಭಾಷೆಯನ್ನೇ ದೊಡ್ಡದು ಮಾಡೋಣ ಎನ್ನುತ್ತೀರಿ. ಮಾಡಿದ್ದಾರೆ. ಜರ್ಮನಿಯ ಫ್ರೇಗೆ 1879ರಲ್ಲಿಯೇ ದಾರಿ ತೋರಿಸಿದ್ದ: ಕೆರೆಗಳ ಗುಂಪಿನ ಮಾತನ್ನು ಆಡಲು ಬಿಡಿ, ಆಗ, ‘ಮೇಲಿನ ಕೆರೆಯನ್ನು ಒಳಗೊಂಡು, ತನ್ನೊಳಗಿನ ಯಾವ ಕೆರೆಯ ಕೋಡಿ ನೀರನ್ನೂ ಹೊರಕ್ಕೆ ಬಿಡದ ಪ್ರತಿಯೊಂದು ಗುಂಪಿನಲ್ಲಿಯೂ ನಮ್ಮ ಕೆರೆ ಇದೆ’ ಎಂದರೆ ತಲುಪುತ್ತದೆಯೆಂದೇ ಅರ್ಥ. ಇಲ್ಲವೆ, ‘ಒಂದರಲ್ಲಿ, ಅಥವಾ ಎರಡರಲ್ಲಿ, ಅಥವಾ ಮೂರರಲ್ಲಿ’ ಎಂದು ಕೊನೆಯಿಲ್ಲದ ವಾಕ್ಯಗಳನ್ನು ಬರೆಯಲು ಅಪ್ಪಣೆ ಕೊಡಿ. ಅಂಥ ತರ್ಕವೂ ಇದೆ. ಎರಡರಲ್ಲಿಯೂ ಅಣ್ಣನ ಪ್ರಶ್ನೆಯನ್ನು ಚೆನ್ನಾಗಿ ಕೇಳಬಹುದು. ಆದರೆ ಬೆಲೆ ತೆರಬೇಕು: ಎರಡರಲ್ಲಿಯೂ ಅಡಕಗುಣ ಹೋಯಿತು. ಈಗ ಮೇಲಣ ಪಟ್ಟಿಯಲ್ಲಿ ವಿರೋಧವಿದೆ, ಆದರೆ ಅದರ ಯಾವ ತುಣುಕಿನಲ್ಲಿಯೂ ಇಲ್ಲ. ಎಷ್ಟು ಓದಿದರೂ, ಓದಿದಷ್ಟರಲ್ಲಿ ಸುಳ್ಳು ಸಿಕ್ಕುವುದಿಲ್ಲ.

ನಮ್ಮಜ್ಜಿಯ ಬಾಗಿಲ ಬರಹ ಇದೇ. ‘ಒಂದಲ್ಲ ಒಂದು ದಿನ ಒಳಗೆ ಬಿಡುತ್ತಾರೆ’ ಎಂದು ದೆವ್ವ ನಂಬಿದೆ. ಇವತ್ತು ಬಿಡಲಿಲ್ಲ; ನಿನ್ನೆ ಬಿಡಲಿಲ್ಲ; ಸಾವಿರ ರಾತ್ರಿಯಾದರೂ ಬಿಡಲಿಲ್ಲ. ಆದರೂ ಅದಕ್ಕೆ ಮೋಸವಾಯಿತೆಂದು ತೋರಿಸಿಕೊಡುವ ರಾತ್ರಿ ಯಾವುದೂ ಇಲ್ಲ.

1969ರಲ್ಲಿ ಸ್ವೀಡನ್ನಿನ ಪೇರ್ ಲಿಂಡ್‌ಸ್ಟ್ರಾಮ್ ಎಂಬಾತ ಈ ಕೊಡುಕೊಳ್ಳುವ ವ್ಯವಹಾರಕ್ಕೆ ಒಂದು ಗಡಿ ಹಾಕಿದ. ಮೊದಲ ದರ್ಜೆಯ ತರ್ಕಕ್ಕೆ ಅಡಕಗುಣವಲ್ಲದೆ ಇನ್ನೊಂದು ಗುಣವೂ ಉಂಟು: ಒಂದು ವಾಕ್ಯ ಎಂಥ ಅಗಾಧವಾದ ಅನಂತ ಪ್ರಪಂಚದಲ್ಲಿ ನಿಜವಾದರೂ ಒಂದು, ಎರಡು, ಮೂರು ಎಂದು ಎಣಿಸುತ್ತ ಹೋಗಬಹುದಾದ ಪ್ರಪಂಚವೊಂದರಲ್ಲಿಯೂ ನಿಜವಾಗುತ್ತದೆ. ಇದು ಲೋವೆನ್‌ಹೈಮ್ ಮತ್ತು ಸ್ಕೋಲೆಮ್ ಕಂಡದ್ದು. ಈ ಎರಡು ಗುಣಗಳನ್ನೂ ಉಳಿಸಿಕೊಂಡು, ಮೊದಲ ದರ್ಜೆಯ ತರ್ಕಕ್ಕಿಂತ ಹೆಚ್ಚು ಹೇಳಬಲ್ಲ ತರ್ಕ ಯಾವುದೂ ಇಲ್ಲವೆಂದು ಲಿಂಡ್‌ಸ್ಟ್ರಾಮ್ ಸಾಧಿಸಿದ. ಒಂದನ್ನು ಬಿಟ್ಟರೆ ಹೆಚ್ಚು ಮಾತು ದೊರೆಯುತ್ತದೆ. ಶೆಲಾ ಎಂಬ ಇಸ್ರೇಲಿನ ಪ್ರಚಂಡ ಗಣಿತಜ್ಞ 1975ರಲ್ಲಿ ಅಡಕಗುಣವನ್ನು ಪೂರ್ತಿ ಉಳಿಸಿಕೊಂಡೇ ದೊಡ್ಡದಾದ ತರ್ಕವೊಂದನ್ನು ಕಟ್ಟಿದ. ಆದರೆ ಅದರಲ್ಲಿಯೂ, ಅಡಕಗುಣವಿರುವ ಇನ್ನಾವುದರಲ್ಲಿಯೂ, ನಮ್ಮ ಕೆರೆಗೆ ನೀರು ತಲುಪುವ ಮಾತನ್ನು ಆಡಲು ಬಾರದು. ಮೇಲಿನ ವಾದವೇ ಅದಕ್ಕೆ ಸಾಕ್ಷಿ.

ಈ ವಿಷಯವನ್ನು ನಾನು ಎಷ್ಟು ಸಲ ಕಪ್ಪು ಹಲಗೆಯ ಮೇಲೆ ಬರೆದಿದ್ದೇನೆ! ಹುಡುಗರು ಬರೆದುಕೊಂಡಿದ್ದಾರೆ, ನಾನೂ ಅಳಿಸಿದ್ದೇನೆ.

ಲಕ್ಷಣದ ವಿಷಯದಲ್ಲಿ ಇನ್ನೊಂದು ಮಾತು ನೆನಪಾಗುತ್ತದೆ. ನಮ್ಮ ಚಿಕ್ಕಂದಿನಲ್ಲಿ ಕೆರೆಗೆ ನೀರಗಂಟಿಯಿದ್ದ. ತೂಬು ಎತ್ತುವುದು, ಕಾಲುವೆ ನೋಡುವುದು, ಗದ್ದೆ ಗದ್ದೆಗೆ ನೀರು ಹಂಚುವುದು ಅವನ ಕೆಲಸ. ಸುಗ್ಗಿಯಲ್ಲಿ ಕಣದ ಮೇಲೆ ಅವನಿಗೆ ಧಾನ್ಯ ಸಲ್ಲುತ್ತಿತ್ತು. ನೀರು ಕಡಮೆಯಾದ ವರ್ಷ ಅವನ ಕಟ್ಟಳೆ ಇದು: ತೂಬಿನ ಪಕ್ಕದ ಗದ್ದೆಗೆ ಇವತ್ತು ನೀರು, ಮೇಲಿನವನಿಗೆ ಇವತ್ತಾದರೆ ನಿನಗೆ ನಾಳೆ, ಮೇಲಿನವನಿಗೆ ನಾಳೆಯಾದರೆ ನಿನಗೆ ಇವತ್ತು. ಅಷ್ಟೇ. ಕಾಲುವೆಯ ಉದ್ದಕ್ಕೂ ಯಾರ ಸರದಿ ಯಾವಾಗ ಎಂಬುದು ಇದರಿಂದ ಸಂದೇಹಕ್ಕೆ ಎಡೆಯಿಲ್ಲದಂತೆ ಗೊತ್ತಾಗುತ್ತದೆ. ಆದರೆ ‘ಇವತ್ತಿನವನು’ ಎಂದರೆ ಯಾರು ಎಂಬುದನ್ನು, ಸರದಿಯ ಮಾತೆತ್ತದೆ, ‘ಇದರ ಕೆಳಗಿನ ಗದ್ದೆ ಅದು’ ಎಂಬ ಸಂಬಂಧ ಒಂದರಿಂದಲೇ ಮೊದಲ ದರ್ಜೆಯ ಭಾಷೆಯಲ್ಲಿ ಹೇಳಿ ನೋಡೋಣ! ಆಗುವುದಿಲ್ಲ. ಆ ಭಾಷೆಗೆ ಸಮ ಬೆಸವನ್ನು ಕೊನೆಯವರೆಗೂ ಎಣಿಸುವ ಶಕ್ತಿಯಿಲ್ಲ.

ಹಾಲೆಂಡಿನ ಬೆತ್ ಎಂಬ ಪಂಡಿತ 1953ರಲ್ಲಿ ಸಾಧಿಸಿದ ಒಂದು ಪ್ರಮೇಯ ಇದಕ್ಕೆ ವಿರುದ್ಧವೆಂದು ತೋರುತ್ತದೆ. ಕಟ್ಟಳೆಗಳಿಂದ ಒಂದು ಪದದ ಅರ್ಥ ಸಂದೇಹವಿಲ್ಲದೆ ಗೊತ್ತಾಗುವಂತಿದ್ದರೆ ಆ ಪದಕ್ಕೆ ಮೊದಲ ದರ್ಜೆಯಲ್ಲಿ ನೇರವಾದ ಲಕ್ಷಣವೂ ಇದ್ದೇ ಇರುತ್ತದೆ, ಎಂಬುದು ಅವನ ಮಾತು. ವಿರೋಧವೇನೂ ಇಲ್ಲ. ಬೆತ್‌ನ ಲೆಕ್ಕದಲ್ಲಿ ಕೊನೆಯಿಲ್ಲದ ಕಾಲುವೆಗಳೂ ಸೇರುತ್ತವೆ. ತೂಬಿನಿಂದ ಹೊರಟರೆ ಎಂದಿಗೂ ಮುಟ್ಟಲಾಗದ ಗದ್ದೆಗಳೂ ಇರುತ್ತವೆ. ಅಂಥ ಗದ್ದೆಯವನು ಮೇಲಿನವನನ್ನು ಕೇಳುತ್ತಾನೆ, ಆ ಮೇಲಿನವನು ಅವನ ಮೇಲಿನವನನ್ನು ಕೇಳುತ್ತಾನೆ, ಸುದ್ದಿ ತೂಬಿನವರೆಗೆ ಹೋಗುವುದೇ ಇಲ್ಲ. ಅಲ್ಲಿ ಸರದಿ ಗೊತ್ತಾಗಿಯೇ ಇಲ್ಲ. ಮುಗಿಯುವ ಕಾಲುವೆಗಳನ್ನು ಮಾತ್ರ, ಎಂದರೆ ಬೇಸಾಯಗಾರರ ಕಾಲುವೆಗಳನ್ನು ಮಾತ್ರ, ಲೆಕ್ಕಕ್ಕೆ ಇಟ್ಟುಕೊಂಡರೆ ಬೆತ್‌ನ ಪ್ರಮೇಯ ನಿಲ್ಲುವುದಿಲ್ಲ, ಅಡಕಗುಣವೂ ನಿಲ್ಲುವುದಿಲ್ಲ. ನೀರಗಂಟಿಯ ಕಟ್ಟಳೆಯನ್ನು ಯಾರೂ ಒಂದು ಲಕ್ಷಣವಾಗಿ ಬರೆದಿಡಲಿಲ್ಲ. ಅದು ಗದ್ದೆಯಿಂದ ಗದ್ದೆಗೆ ಬಾಯಿಮಾತಾಗಿ ಹೋಗುತ್ತಿತ್ತು. ಕೊಳವೆ ಬಾವಿಗಳು ಬಂದು ಮೇಲಿನವನನ್ನು ಕೆಳಗಿನವನು ಕೇಳುವುದು ನಿಂತಮೇಲೆ ಕಟ್ಟಳೆಯೂ ನಿಂತಿತು.

ಇರಲಿ. ಅಣ್ಣನ ಸಸಿಗಳ ವಿಷಯಕ್ಕೆ ಬರುತ್ತೇನೆ.

ಅವನು ಅರವತ್ತು ಮಾವಿನ ಸಸಿ ಹಾಕಿದ. ಶ್ರೀನಿವಾಸಪುರದ ಕಡೆಯಿಂದ ಒಳ್ಳೆಯ ಕಸಿ ತಂದಿದ್ದ. ಆಗೊಮ್ಮೆ ಈಗೊಮ್ಮೆ ಫೋನು ಮಾಡಿ, “ಎಲ್ಲಿವರೆಗೆ ಬಂತೋ ನೀರು?” ಎಂದು ಕೇಳುತ್ತಿದ್ದ. ಲಕ್ಷ್ಮೀಸಾಗರ ತುಂಬಿತು ಎನ್ನುತ್ತಿದ್ದೆ. ನರಸಾಪುರಕ್ಕೆ ಬಂತು ಎನ್ನುತ್ತಿದ್ದೆ. ಮೇಲಿನ ಕೆರೆಯ ಹೂಳು ತೆಗೆಯಬೇಕು, ಕಾಲುವೆಯ ಜಾಲಿ ಕಡಿಯಬೇಕು, ಆಮೇಲೆ, ಎನ್ನುತ್ತಿದ್ದೆ. ನಾನು ಹೇಳಿದ ಒಂದೊಂದು ಮಾತೂ ನಿಜವಾದದ್ದೇ. 2019ರ ಬೇಸಗೆ ಕಳೆಯಿತು. ಅಣ್ಣ ಟ್ಯಾಂಕರಿನಲ್ಲಿ ನೀರು ತರಿಸಿ ಬಿಂದಿಗೆಯಲ್ಲಿ ಹೊತ್ತು ಹಾಕಿದ. ಅರ್ಧ ಉಳಿದುವು. “ಇನ್ನೂ ಟ್ಯಾಂಕರಿಗೆ ದುಡ್ಡು ಹಾಕಲೋ, ಬಿಡಲೋ?” ಎಂದ. ‘ಇನ್ನೊಂದು ವರ್ಷ ನೋಡು’ ಎಂದಿದ್ದರೆ ಅವನು ಒಂದು ವರ್ಷ ನೋಡಿ, ಕೈಬಿಟ್ಟು, ಬೇರೆ ಏನಾದರೂ ಮಾಡುತ್ತಿದ್ದ. ನಾನು, “ಬರುತ್ತೆ ಅಣ್ಣ” ಎಂದೆ. 2020ರ ಬೇಸಗೆಯಲ್ಲಿ ನಾನು ಊರಿಗೆ ಹೋಗಲಾಗಲಿಲ್ಲ. ಆ ವರ್ಷ ಯಾರೂ ಎಲ್ಲಿಗೂ ಹೋಗಲಿಲ್ಲ. ಸಸಿಗಳು ಒಣಗಿದ್ದನ್ನು ಅಣ್ಣ ಹೇಳಲೂ ಇಲ್ಲ. ಅತ್ತಿಗೆ ಬೇರೆ ಮಾತಿನ ನಡುವೆ ಹೇಳಿದರು: “ಅವುನ್ನೆಲ್ಲ ಕಿತ್ತು ಸೌದೆಗೆ ಹಾಕ್ಬಿಟ್ರು.”

ಆಮೇಲೆ ಊರಿಗೆ ಹೋದಾಗ ಏರಿಯ ಮೇಲೆ ಕುಳಿತು, ನನ್ನ ತಪ್ಪು ಏನೆಂದು ಅವನಿಗೆ ಹೇಳಿದೆ. ಅಡಕಗುಣವನ್ನೂ ಅಜ್ಜಿಯ ದೆವ್ವವನ್ನೂ ಸೇರಿಸಿ ಹೇಳಿದೆ. ತಾಳ್ಮೆಯಿಂದ ಕೇಳಿದ.

“ಇದು ನಿನಗೆ ಮುಂಚೆಯೇ ಗೊತ್ತಿತ್ತಾ?” ಎಂದ.

“ಗೊತ್ತಿತ್ತು.”

“ಎಷ್ಟು ವರ್ಷದಿಂದ?”

“ನಲವತ್ತು ವರ್ಷದಿಂದ.”

ಅವನು ಎಲೆಯಡಕೆಯ ಚೀಲ ತೆಗೆದು ಅಡಕೆಯನ್ನು ಹುಡುಕುತ್ತ, “ಹುಡುಗರಿಗೆಲ್ಲ ಹೇಳಿದ್ದೀಯ, ನನಗೆ ಹೇಳಲಿಲ್ಲ” ಎಂದ. ಅದರಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

2021ರ ನವೆಂಬರಿನಲ್ಲಿ ಮಳೆ ಹಿಡಿದುಕೊಂಡಿತು. ಕೋಲಾರದ ಕಡೆ ಎಷ್ಟೋ ವರ್ಷಗಳಿಂದ ಬತ್ತಿದ್ದ ಕೆರೆಗಳು ಒಂದರ ಹಿಂದೆ ಒಂದು ಕೋಡಿ ಬಿದ್ದುವು. ಒಂದು ರಾತ್ರಿ ಅಣ್ಣನ ಫೋನು ಬಂತು. ಮಾತು ಕೇಳಿಸಲಿಲ್ಲ, ನೀರಿನ ಸದ್ದೇ ಕೇಳಿಸಿತು. ಕೋಡಿಯ ಹತ್ತಿರ ನಿಂತು ಫೋನನ್ನು ಅದರ ಕಡೆಗೆ ಹಿಡಿದಿದ್ದ. ಮಾರನೆಯ ದಿನ ಹೋದೆ. ಊರಿಗೆ ಊರೇ ಏರಿಯ ಮೇಲೆ ಇತ್ತು. ಹೆಂಗಸರು ಬಾಗಿನ ತಂದಿದ್ದರು. ಮೇಲಿನ ಕೆರೆಯಿಂದ ನೀರು ಕಾಲುವೆಯನ್ನೂ ಬಿಟ್ಟು ಹೊಲದ ಮೇಲೆಲ್ಲ ಹಾದು ಬಂದಿತ್ತು. ನಾನು ನಕ್ಷೆಯಲ್ಲಿ ಬೆರಳಿಟ್ಟು ಎಣಿಸಿದ ದಾರಿಯ ಕೊನೆಯ ಎರಡು ಕೋಡಿಗಳೇನೋ ಅದರಲ್ಲಿ ಸೇರಿದ್ದುವು. ನೀರು ಮಾತ್ರ ಆಕಾಶದ್ದು.

ಸಂಜೆ ಜನ ಕರಗಿದ ಮೇಲೆ ಅಣ್ಣ ಕೇಳಿದ: “ಮುಂದಿನ ವರ್ಷವೂ ತುಂಬುತ್ತೇನೋ?”

ಸ್ವಲ್ಪ ಹೊತ್ತು ಯೋಚನೆ ಮಾಡಿ, “ಮುಂದಿನ ದೀಪಾವಳಿಯೊಳಗೆ ಕೋಡಿ ಬೀಳದೆ ಇದ್ದರೆ ನಾನು ಹೇಳಿದ್ದು ಸುಳ್ಳು ಎಂದು ತಿಳಿದುಕೊ” ಎಂದೆ.

ಅಣ್ಣ ಎದ್ದು ಹೋಗಿ ತೂಬಿನ ಕಲ್ಲಿನ ಹತ್ತಿರ ಬಿದ್ದಿದ್ದ ಹೆಂಚಿನ ಚೂರೊಂದನ್ನು ತಂದು ನನ್ನ ಕೈಗೆ ಕೊಟ್ಟ. “ಬರೆ” ಎಂದ. ಕಲ್ಲಿನ ಮೇಲೆ ತಾರೀಖು ಬರೆದೆ.